ತುಕ್ಕು ಬಿಡಿಸುವ ಮಾತ್ರೆ

ಕೋವಿಡ್ ಗಲಾಟೆ ಮುಗಿದ ಮರುವರ್ಷದ ಮಾತು. ಸೊರಬದ ಕಡೆಯವನಾದ ನಾನು ಶಿಕಾರಿಪುರದಲ್ಲಿ ಸಣ್ಣದೊಂದು ಕ್ಲಿನಿಕ್ ಇಟ್ಟುಕೊಂಡು ಮೂವತ್ತೊಂದು ವರ್ಷವಾಗಿತ್ತು. ಎಂಥ ಕಾಯಿಲೆಯನ್ನೂ ರೋಗಿಯ ಕಸುಬಿಗೆ ಹೋಲಿಸಿ ತಿಳಿಸಬಲ್ಲೆ ಎಂಬ ಜಂಬವೂ ನನಗಿತ್ತು.

ಈಸೂರಿನ ಗಂಗಾಧರಪ್ಪ ಬಂದಿದ್ದು ಆಗ. ಐವತ್ತಾರು ವರ್ಷ. ನೇಗಿಲು, ಟ್ರಾಲಿ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯವರು. ದಿನಕ್ಕೆ ಎರಡು ಕಟ್ಟು ಬೀಡಿ. ಅಂಗಡಿಯ ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಊದಿಸಿ ನೋಡುವ ಪರೀಕ್ಷೆಯಲ್ಲಿ ಸಿಒಪಿಡಿ ಎಂದು ಗೊತ್ತಾಯಿತು, ಅಂದರೆ ಶ್ವಾಸನಾಳಗಳು ಕಿರಿದಾಗುತ್ತ ಹೋಗುವ ದೀರ್ಘಕಾಲದ ಕಾಯಿಲೆ.

"ಹೊಗೆಯಿಂದ ಒಳಗೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಆಗುತ್ತೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಅಂದ್ಕೊಳ್ಳಿ" ಎಂದೆ.

ಅವರ ಮುಖ ಅರಳಿತು. "ಹಂಗಾರೆ ತುಕ್ಕು ಬಿಡಿಸಾ ಔಷಧಿ ಐತೇನ್ರಿ?"

ಬೀಡಿ ಬಿಡಲು ಹೇಳಿ, ಇನ್‌ಹೇಲರ್ ಬರೆದೆ. ಕಫ ತೆಳುವಾಗಲಿ ಎಂದು ನೀರಿಗೆ ಹಾಕಿದರೆ ಬುಸ್ಸೆಂದು ಕರಗುವ ಅಸಿಟೈಲ್‌ಸಿಸ್ಟೀನ್ ಮಾತ್ರೆಯನ್ನೂ ಬರೆದೆ. ಅದು ಆಂಟಿಆಕ್ಸಿಡೆಂಟ್, ಅಂದರೆ ಆ ತುಕ್ಕನ್ನು ತಡೆಯುವಂಥದ್ದು ಹೌದು, ಆದರೆ ಬರೀ ಒತ್ತಾಸೆಯ ಮದ್ದು. "ಇದು ತುಕ್ಕಿಗೆ" ಎಂದುಬಿಟ್ಟೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಎರಡು ತಿಂಗಳ ಮೇಲೆ ಬಂದವರು, "ಮಾತ್ರೆ ಒಂದಿನಾನೂ ತಪ್ಪಿಸಿಲ್ರಿ" ಎಂದರು. ಹೊರಗೆ ಜನ ತುಂಬಿದ್ದರು. ಶಹಬ್ಬಾಸ್ ಎಂದು ಕಳಿಸಿದೆ. ಇನ್‌ಹೇಲರ್ ಬಗ್ಗೆ ಕೇಳಲೇ ಇಲ್ಲ.

ಮೆಕ್ಕೆಜೋಳದ ಒಕ್ಕಣೆ ಹೊತ್ತಿಗೆ ಅವರನ್ನು ಆಟೋದಲ್ಲಿ ಕೂರಿಸಿಕೊಂಡೇ ತಂದರು. ತುಟಿ ನೀಲಿಗಟ್ಟಿತ್ತು. ರಕ್ತದ ಆಮ್ಲಜನಕ ತೊಂಬತ್ತರ ಮೇಲಿರಬೇಕಾದದ್ದು ಎಪ್ಪತ್ತೆಂಟಕ್ಕೆ ಇಳಿದಿತ್ತು. ಆಕ್ಸಿಜನ್ ಹಚ್ಚಿ, ಆಂಬುಲೆನ್ಸಿಗೆ ಹೇಳಿ, ಔಷಧಿಗಳನ್ನು ಕೇಳಿದೆ. ಹೆಂಡತಿ ಹಾಲಮ್ಮ ಚೀಲ ಸುರಿದರು. ಮಾತ್ರೆಯ ಖಾಲಿ ಕೊಳವೆಗಳು ಉರುಳಿದವು. ಇನ್‌ಹೇಲರ್ ಡಬ್ಬಿಯ ಸೀಲು ಮಾತ್ರ ಒಡೆದೇ ಇರಲಿಲ್ಲ.

"ಪಂಪು ಚಟ ಹಿಡಿತೈತಿ ಅಂದ್ರು ಯಾರೋ. ತುಕ್ಕೇ ಹೋದಮ್ಯಾಲೆ ಪಂಪ್ ಯಾಕೆ ಅಂತ ಇವ್ರೂ ಮುಟ್ಲಿಲ್ಲ. ಬೀಡಿ ಜಾಸ್ತಿ ಸೇದಿದ ದಿನ ಎರಡು ಮಾತ್ರೆ ಹಾಕ್ಕಂತಿದ್ರು. ತುಕ್ಕಿಗೆ ಅಂತ ನೀವೇ ಹೇಳಿದ್ರಂತಲ್ರಿ?"

ಬೈಯಬೇಕೆನಿಸಿತು. ಯಾರನ್ನು ಬೈಯಲಿ?

ಶಿವಮೊಗ್ಗದ ಆಸ್ಪತ್ರೆಯಿಂದ ಹನ್ನೊಂದು ದಿನಕ್ಕೆ ತಿರುಗಿ ಬಂದರು, ಮೂಗಿಗೆ ನಳಿಕೆ, ಪಕ್ಕದಲ್ಲಿ ಆಕ್ಸಿಜನ್ ಯಂತ್ರ, ಅಲ್ಲಿನವರು ಕೊಟ್ಟ ಹೊಸ ಔಷಧಿಗಳು. ನೋಡಲು ಮನೆಗೆ ಹೋದೆ. ನಾಲ್ಕು ಪದಕ್ಕೊಮ್ಮೆ ನಿಂತು ನಿಂತು ಕೇಳಿದರು:

"ಇನ್ನೊಂದೆರಡು ತಿಂಗಳು... ಮಾತ್ರೆ ತಗಂಡ್ರೆ... ತುಕ್ಕು ಪೂರ್ತಿ ಬಿಡ್ತೈತೇನ್ರಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ ಗಂಗಾಧರಪ್ಪ. ಒಳಗೆ ಗಾಳಿಚೀಲದ ಗೋಡೆಗಳೇ ಹರಿದುಹೋಗಿವೆ. ಅವು ಮತ್ತೆ ಬರಲ್ಲ."

ಅವರು ತಮ್ಮ ಸುಟ್ಟ ಕಲೆಗಳ ಕೈಯನ್ನೇ ನೋಡಿಕೊಂಡರು. "ತಗಡೇ ತಿಂದೋಗೇತಿ ಅನ್ರಿ. ತಿಂದೋದ ತಗಡಿಗೆ... ವೆಲ್ಡಿಂಗ್ ಕೂರಲ್ರಿ... ನಂಗೊತ್ತೈತಿ. ಮೊದ್ಲೇ ಹಿಂಗಂದಿದ್ರೆ... ಬೀಡಿ ಬಿಡ್ತಿದ್ನೇನೋ."

ಮುಂಗಾರು ಹಿಡಿಯುವ ಮೊದಲೇ ತೀರಿಕೊಂಡರು. ಮೊದಲಿನಿಂದಲೇ ಇನ್‌ಹೇಲರ್ ಎಳೆದಿದ್ದರೆ, ಬೀಡಿ ಬಿಟ್ಟಿದ್ದರೆ ಉಳಿಯುತ್ತಿದ್ದರೇ? ಗೊತ್ತಿಲ್ಲ. ಇನ್ನೊಂದಿಷ್ಟು ವರ್ಷ ಆ ಮೂರು ಮೆಟ್ಟಿಲು ಹತ್ತುತ್ತಿದ್ದರೇನೋ ಎಂಬ ಸಂಕಟ ಮಾತ್ರ ಇವತ್ತಿಗೂ ಹೋಗಿಲ್ಲ.

ಆಮೇಲೆ ನಾನು ಯಾವ ರೋಗಿಗೂ "ಅರ್ಥವಾಯಿತೇ?" ಎಂದು ಕೇಳಿದವನಲ್ಲ. "ಏನು ಅರ್ಥವಾಯಿತು, ಹೇಳಿ" ಎನ್ನುತ್ತೇನೆ. ಇನ್‌ಹೇಲರನ್ನು ನನ್ನೆದುರೇ ಎಳೆಸಿ ನೋಡುತ್ತೇನೆ. ಮೂವತ್ತೊಂದು ವರ್ಷ ಕಲಿಯದ್ದನ್ನು ಕಲಿಯಲು ಒಬ್ಬ ಮನುಷ್ಯನ ಉಸಿರು ಬೇಕಾಯಿತು, ನಾಚಿಕೆಗೇಡು.

ತಿಥಿ ಮುಗಿದ ಮೇಲೆ ಹಾಲಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ಸೆರಗಿನಿಂದ ನಾನು ಮೊದಲು ಬರೆದಿದ್ದ ಆ ಇನ್‌ಹೇಲರ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಒಡೆದೇ ಇಲ್ರಿ ಡಾಕ್ಟ್ರೆ. ಬ್ಯಾರೆ ಯಾರಿಗಾರ ಕೊಡ್ರಿ, ಪಾಪ, ಉಸಿರಾಡ್ಲಿ."