ಬಿಳಿ ಕರ್ಚೀಫಿನ ಪರೀಕ್ಷೆ

ಮೆಕ್ಯಾನಿಕ್ ಶರೀಫ್ ಭಾಯ್ ಇಸ್ತ್ರಿ ಮಾಡಿದ ತಮ್ಮ ಬಿಳಿ ಕರ್ಚೀಫನ್ನು ನನ್ನ ಲಾರಿಯ ಗೇರ್‌ಬಾಕ್ಸ್ ಆಯಿಲ್ ಕೂಲರಿನ ಪೈಪಿನ ಕೆಳಗೆ ಹಿಡಿದುಬಿಟ್ಟರು! ಟಿನ್ ಫ್ಯಾಕ್ಟರಿ ಬಳಿಯ ಅವರ ಗ್ಯಾರೇಜಿನಲ್ಲಿ ಹೊಸ ಗೇರ್‌ಬಾಕ್ಸ್ ಕೂರಿಸಿಯಾಗಿತ್ತು. ಕೂಲರನ್ನು ನಾನೇ ಶಾಂಪೂ ಹಾಕಿ ಉಜ್ಜಿ ತಂದಿದ್ದೆ. ಬೇಗ ಜೋಡಿಸಿ ಎಂದು ಅವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ.

"ಮುಖ ತೊಳ್ದಿದ್ದೀರ ಸಾರ್, ಹೊಟ್ಟೆ ತೊಳ್ದಿಲ್ಲ," ಎಂದವರೇ ಕೂಲರಿನೊಳಗೆ ಕ್ಲೀನರ್ ಹಾಯಿಸಿ ಗಾಳಿ ಬಿಟ್ಟರು. ಕರ್ಚೀಫಿನ ಮೂಲೆಯಲ್ಲಿ ಹಳೇ ಗೇರ್‌ಬಾಕ್ಸಿನ ಲೋಹದ ಪುಡಿ ಮಿನುಗಿತು. ಅದು ಆಯಿಲ್ ಜೊತೆ ಒಳಗೆ ಹೋಗಿದ್ದರೆ ಹೊಸ ಗೇರ್‌ಬಾಕ್ಸೂ ಹಾಳಾಗುತ್ತಿತ್ತು. ನಾಲ್ಕನೇ ಸಲ ಹಿಡಿದ ನಾಲ್ಕನೇ ಮೂಲೆ ಬಿಳಿಯಾಗೇ ಉಳಿದಾಗಷ್ಟೇ ಅವರು ಸ್ಪ್ಯಾನರ್ ಎತ್ತಿಕೊಂಡರು.

ವಾರದ ಬಳಿಕ ಹೊಸ ಕರ್ಚೀಫ್ ಕೊಡಲು ಹೋದರೆ, ಹಳೆಯದು ಗ್ಯಾರೇಜಿನ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. "ಅವಸರ ಮಾಡೋರಿಗೆ ತೋರ್ಸೋಕೆ ಸಾರ್. ನಿಮ್ ಹೆಸರು ಹೇಳಲ್ಲ, ಲಾರಿ ನಂಬರ್ ಅಷ್ಟೇ ಹೇಳ್ತೀನಿ!"