ಮಗ್ಗದಿಂದ ಇಳಿಸಿದ ಬಟ್ಟೆ

ಮೂಡಬಿದಿರೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿ, ಮಡಂತ್ಯಾರಿನ ನೇಕಾರ ಶೀನಪ್ಪನ ಕೈಹಿಡಿದು ಬಂದವಳು ಕಾಂತಿ. ಐವತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಶೀನಪ್ಪ ಜ್ವರ ಬಂದು ತೀರಿಕೊಂಡ. ಅವಳು ಅಳಲಿಲ್ಲ. ನೋಡಲು ಬಂದ ಹೆಂಗಸರೇ ಅವಳ ಕೈ ಹಿಡಿದು ಅತ್ತರು. ಬೇರೆ ಯಾರದೋ ಕೈಯೆಂಬಂತೆ ಅವಳು ಅದನ್ನು ನೋಡುತ್ತ ಕೂತಳು.

ಉತ್ತರಕ್ರಿಯೆಯ ಬೊಜ್ಜಕ್ಕೆ ಹಿಂದಿನ ದಿನ ಅತ್ತೆ ಸೇಸಮ್ಮ, "ಹೆಗಲು ಕೊಟ್ಟವರಿಗೆ, ಸೌದೆ ತಂದವರಿಗೆ ಮೈ ಒರೆಸ್ಲಿಕ್ಕೆ ಒಂದೊಂದು ಬೈರಾಸು ಕೊಡುವ. ಅವನೇ ನೇಯ್ದದ್ದು ಉಂಟಲ್ಲ" ಎಂದರು.

ನೇಯ್ದು ಮಡಚಿಟ್ಟ ಬಟ್ಟೆ ಇಪ್ಪತ್ತೆಂಟು ಮೊಳವಿತ್ತು. ಇನ್ನೊಂದು ಅರ್ಧಕ್ಕೆ ನಿಂತು ಮಗ್ಗದಲ್ಲೇ ಇತ್ತು. ಮೈದುನ ಭೋಜ ಕತ್ತರಿ ಹಿಡಿದು ಹಿಂಜರಿದ.

"ಅತ್ತಿಗೆ, ಮುಗಿಯದ್ದನ್ನು ಕತ್ತರಿಸುದಾ?"

"ಕತ್ತರಿಸು."

ಇಳಿಸಿ ಅಳೆದರೆ ಹನ್ನೆರಡು ಮೊಳ.

"ಮೂರು ಮೊಳದ್ದು ಮಾಡುವ" ಎಂದ ಭೋಜ.

"ದೊಡ್ಡದರಲ್ಲಿ ಒಂದು ಮೊಳ ಚೂರು ಉಳೀತದೆ" ಎಂದಳು ಕಾಂತಿ.

"ಹಾಗಾದ್ರೆ ಎರಡು?"

"ಎರಡು ಮೊಳದ್ದರಲ್ಲಿ ತಲೆ ಒರೆಸ್ಲಿಕ್ಕೂ ಆಗುದಿಲ್ಲ ಮಾರಾಯ" ಎಂದರು ಸೇಸಮ್ಮ. "ಎಲ್ಲ ಒಂದೇ ಉದ್ದ ಇರ್ಲಿ. ಅವನು ನೇಯ್ದದ್ದನ್ನು ಚೂರು ಮಾಡಿ ಬಿಸಾಡುದು ಬೇಡ."

ಕಾಂತಿ ಉದ್ದದ ಬಟ್ಟೆಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಗಿಡ್ಡದ್ದನ್ನು ಇಟ್ಟಳು. ಎರಡು ಸಲ ಹಿಡಿಸಿ, ನಾಲ್ಕು ಮೊಳ ಮಿಕ್ಕಿತು. ಆ ನಾಲ್ಕರ ಅಳತೆಗೆ ಗಿಡ್ಡ ಬಟ್ಟೆಯನ್ನು ಮಡಚಿದಳು. ಮೂರು ಮಡಿಕೆಗೆ ಸರಿಯಾಗಿ ಮುಗಿಯಿತು. ಶಾಲೆಯಲ್ಲಿ ಇದನ್ನು ಮ.ಸಾ.ಅ. ಎಂದು ಕಲಿಸಿದ್ದರು, ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ.

"ನಾಲ್ಕು ಮೊಳ. ಒಟ್ಟು ಹತ್ತು ಆಗ್ತದೆ" ಎಂದಳು. ಸ್ವರದಲ್ಲಿ ಏರಿಳಿತವೇ ಇರಲಿಲ್ಲ.

"ಇನ್ನೂ ಉದ್ದ ಆಗುದಿಲ್ವಾ?" ಎಂದು ಕೇಳಿದ ಭೋಜ.

"ಆಗುದಿಲ್ಲ."

ಮರುದಿನ ಊಟವಾದ ಮೇಲೆ ಹಂಚಿದರು. ಸೌದೆ ತಂದಿದ್ದ ಪಕ್ಕದ ಮನೆಯ ಬದ್ರುದ್ದೀನ್ ಬೈರಾಸನ್ನು ಬಿಡಿಸಿ, ಅಂಚನ್ನು ಬೆರಳಿನಿಂದ ಸವರಿ, "ಶೀನಪ್ಪಣ್ಣನ ಕೈ ನೋಡಿದ ಕೂಡಲೇ ಗೊತ್ತಾಗ್ತದೆ" ಎಂದ. ಅವನ ಕಣ್ಣು ತುಂಬಿತು. ಕಾಂತಿ ತಲೆಯಾಡಿಸಿ ಮುಂದಿನದನ್ನು ಕೈಗೆತ್ತಿಕೊಂಡಳು. ಹಂಚಿ ಉಳಿದ ಒಂದನ್ನು ಸೇಸಮ್ಮ ಅವಳಿಗೇ ಇಟ್ಟುಕೊಳ್ಳಲು ಹೇಳಿದರು. ಮಾರನೇ ಬೆಳಿಗ್ಗೆ ಮಿಂದು ಬಂದು ಅದರಲ್ಲೇ ತಲೆ ಒರೆಸಿಕೊಂಡಳು. ಏನೂ ಅನಿಸಲಿಲ್ಲ. ಏನೂ ಅನಿಸಲಿಲ್ಲವಲ್ಲ ಎಂದು ಸ್ವಲ್ಪ ಹೊತ್ತು ಹಿತ್ತಿಲಲ್ಲೇ ನಿಂತಳು.

ನವರಾತ್ರಿಯ ಮಾರ್ನೆಮಿ ಕಳೆದ ಮೇಲೆ ಭೋಜನೂ ಅವಳೂ ಕೂತು, ಬಟ್ಟೆ ಕತ್ತರಿಸಿದಾಗ ಮಗ್ಗದಲ್ಲಿ ಉಳಿದಿದ್ದ ನೂಲುಗಳನ್ನು ಒಂದೊಂದಾಗಿ ಗಂಟು ಹಾಕಿ ಮತ್ತೆ ಬಿಗಿದರು. ಅಲ್ಲಿಂದ ಮುಂದೆ ನೇಯ್ದವಳು ಅವಳೇ. ವರ್ಷಗಳು ಹೋದವು. ಮಧ್ಯಾಹ್ನ ಸೇಸಮ್ಮ ಗಂಜಿಗೆ ಕರೆದರೆ "ಬಂದೆ ಮಾಮಿ" ಎನ್ನುವಳು, ಲಾಳಿ ಮಾತ್ರ ಓಡುತ್ತಲೇ ಇರುತ್ತಿತ್ತು.