ದೀಪಾವಳಿಗೆ ಮೊದಲೇ ಬೆಚ್ಚಗಾದ ಮನೆ

ತೊಂಬತ್ತರ ದಶಕದಲ್ಲಿ ನಾವು ಲಂಡನ್ನಿನ ಇಲ್ಫರ್ಡ್‌ನ ಒಂದು ಸಾಲುಮನೆಯಲ್ಲಿದ್ದಾಗ, ಹೀಟಿಂಗ್ ಹಾಕುವ ದಿನವನ್ನು ನಿರ್ಧರಿಸುತ್ತಿದ್ದವನು ಅಪ್ಪ. ದೀಪಾವಳಿಯವರೆಗೆ ಬಾಯ್ಲರ್ ಸ್ನಾನದ ನೀರನ್ನಷ್ಟೇ ಕಾಯಿಸಬೇಕು, ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರ್‌ಗಳು ತಣ್ಣಗೇ ಇರಬೇಕು ಎಂಬುದು ಅವನ ಕಾಯಿದೆ. "ಮೈಗೆ ಥಂಡಿ ರೂಢಿ ಆಗ್ಬೇಕು. ಈಗ ಹಚ್ಚಿದ್ರ ಜನವರಿಯಾಗ ಏನ್ ಮಾಡ್ತೀರಿ?" ಎನ್ನುತ್ತಿದ್ದ. ಅಮ್ಮ ಎರಡು ಸ್ವೆಟರ್ ಹಾಕಿಕೊಂಡು ಸುಮ್ಮನಿರುತ್ತಿದ್ದಳು. ನಾನೂ ತಮ್ಮ ವಿನುವೂ ಬೆಳಿಗ್ಗೆ ಎದ್ದವರೇ ಕಿಟಕಿಯ ಗಾಜಿಗೆ ಉಸಿರು ಬಿಟ್ಟು, ಆ ಮಂಜಿನ ಮೇಲೆ ಬೆರಳಿನಿಂದ ಆನೆ, ಬಸ್ಸು ಬರೆಯುತ್ತಿದ್ದೆವು. ಅಂಥ ಗಾಜಿನ ಮುಂದೆ ನಿಂತು ನಡುಗಿದವರು ಇದನ್ನು ಓದುವವರಲ್ಲೂ ಕೆಲವರಿರಬಹುದು.

ನನಗೆ ಹತ್ತು ವರ್ಷವಾಗಿದ್ದ ಸೆಪ್ಟೆಂಬರಿನಲ್ಲಿ ಬಾಗಲಕೋಟೆಯಿಂದ ಅಪ್ಪನ ತಾಯಿ ಬಂದಳು. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಅಭ್ಯಾಸ ನನ್ನದು. ಆಯಿಯ ಮುಂದೆ ಅದು ನಡೆಯಲಿಲ್ಲ. ಅವಳ ಹಿಂದೆ ಹಿಂದೆ ಸುತ್ತುತ್ತಲೇ ನನ್ನ ನಾಲಿಗೆಗೆ ಕನ್ನಡ ಹತ್ತಿತು. ಮಧ್ಯಾಹ್ನ ಅವಳು ಪಟಪಟನೆ ರೊಟ್ಟಿ ಬಡಿಯುತ್ತಿದ್ದಳು. ನಾನು ಶಾಲೆಯಿಂದ ಬಂದು ಬಾಗಿಲು ತೆರೆದರೆ ಸುಟ್ಟ ಜೋಳದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅವಳು ಶೇಂಗಾ ಚಟ್ನಿ ಹಚ್ಚಿ ಸುತ್ತಿಕೊಟ್ಟ ಬಿಸಿ ರೊಟ್ಟಿಯನ್ನು ಮೊದಲು ಎರಡೂ ಅಂಗೈಯಲ್ಲಿ ಹಿಡಿದು ಕೈ ಕಾಯಿಸಿಕೊಂಡು, ಆಮೇಲೆ ತಿನ್ನುತ್ತಿದ್ದೆ.

ಆ ವರ್ಷ ದೀಪಾವಳಿ ತಡವಾಗಿ, ನವೆಂಬರ್ ನಡುವೆ ಬಂದಿತ್ತು. ಚಳಿ ಮಾತ್ರ ಅಕ್ಟೋಬರ್ ಮೊದಲ ವಾರದಲ್ಲೇ ಇಳಿಯಿತು. ಅಪ್ಪ ಆಗಾಗ "ಅವ್ವಾ, ಥಂಡಿ ಏನು?" ಎಂದು ಕೇಳುತ್ತಿದ್ದ. "ಏನಿಲ್ಲಪಾ, ಆರಾಮ ಅದೀನಿ" ಎನ್ನುತ್ತಿದ್ದಳು ಆಯಿ, ಇಳಕಲ್ ಸೀರೆಯ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು. ಅಪ್ಪ ಅದನ್ನು ನಂಬಿ ಕೆಲಸಕ್ಕೆ ಹೋಗುತ್ತಿದ್ದ.

ಒಂದು ಶುಕ್ರವಾರ ಶಾಲೆಯಿಂದ ಬಂದರೆ ಅಡುಗೆಮನೆಯಲ್ಲಿ ಆಯಿ ಇಲ್ಲ. ಹುಡುಕುತ್ತ ಮೇಲೆ ಹೋದೆ. ಬಚ್ಚಲಮನೆಯ ಪಕ್ಕದಲ್ಲಿ ಬಿಸಿನೀರಿನ ಟ್ಯಾಂಕ್ ಇಟ್ಟ ಕಪಾಟಿತ್ತು. ಬಿಸಿ ಆರದಂತೆ ಕೆಂಪು ಜಾಕೆಟ್ ಸುತ್ತಿದ ತಾಮ್ರದ ಟ್ಯಾಂಕು. ಅದರ ಮೇಲಿನ ಹಲಗೆಯಲ್ಲಿ ಅಮ್ಮ ಟವೆಲ್‌ಗಳನ್ನು ಒಣಗಿಸುತ್ತಿದ್ದಳು. ಕಪಾಟಿನ ಬಾಗಿಲು ತೆರೆದು, ವಿನುವಿನ ಪುಟ್ಟ ಸ್ಟೂಲಿನ ಮೇಲೆ ಕುಳಿತು, ಆಯಿ ತನ್ನ ಎರಡೂ ಕೈಗಳನ್ನು ಆ ಟ್ಯಾಂಕಿಗೆ ಒತ್ತಿಕೊಂಡಿದ್ದಳು. ಬೆರಳುಗಳು ಊದಿಕೊಂಡಿದ್ದವು.

"ಆಯಿ, ಥಂಡಿ ಆಗ್ತದಾ?"

"ಸುಮ್ನಿರು. ನಿಮ್ಮಪ್ಪಗ ಹೇಳಬ್ಯಾಡ. ಮಗನ ಮನಿಗೆ ಬಂದು ಥಂಡಿ ಅಂತ ಅತ್ರ ಅಂವಗ ಹೆಂಗ ಅನಸ್ತದ?"

ನಾನು ಹೇಳಲಿಲ್ಲ. ಬದಲಿಗೆ ಅವಳು ಕೆಳಗಿಳಿದು ಹೋದ ಮೇಲೆ ಕಪಾಟಿನೊಳಗೆ ತಲೆ ಹಾಕಿದೆ. ಟ್ಯಾಂಕಿನ ಪಕ್ಕಕ್ಕೆ ಪಟ್ಟಿಯಿಂದ ಕಟ್ಟಿದ, ನೀರಿನ ಬಿಸಿ ಹೊಂದಿಸುವ ಒಂದು ಡಯಲ್ ಇತ್ತು. ಅಪ್ಪ ಅದನ್ನು ಐವತ್ತೈದು ಡಿಗ್ರಿಗೆ ನಿಲ್ಲಿಸಿದ್ದ. ಟ್ಯಾಂಕ್ ಇನ್ನಷ್ಟು ಕಾದರೆ ಆಯಿಯ ಕೈ ಇನ್ನಷ್ಟು ಬೆಚ್ಚಗಾಗುತ್ತದೆ ಎಂದುಕೊಂಡು, ತಿರುಗುವಷ್ಟೂ ತಿರುಗಿಸಿಬಿಟ್ಟೆ. ಮಾರನೆಯ ಬೆಳಿಗ್ಗೆ ಆಯಿ ಟ್ಯಾಂಕಿಗೆ ಕೈಯಿಟ್ಟು "ಇವತ್ತ ಚಲೋ ಬೆಚ್ಚಗದ ನೋಡವಾ" ಎಂದಾಗ ಹೆಮ್ಮೆಯಿಂದ ಉಬ್ಬಿಹೋದೆ.

ಅಂದು ಶನಿವಾರ, ವಿನುವಿನ ತಲೆಸ್ನಾನದ ದಿನ. ಅವನಿಗೆ ಮೂರು ವರ್ಷ. ಅಮ್ಮ ಎಂದಿನಂತೆ ಟಬ್ಬಿಗೆ ಮೊದಲು ಬಿಸಿನೀರಿನ ನಲ್ಲಿ ಬಿಟ್ಟು, ತಣ್ಣೀರು ಬೆರೆಸುವ ಮೊದಲು ಟವೆಲ್ ತರಲು ಕಪಾಟಿನತ್ತ ತಿರುಗಿದಳು. ಅಷ್ಟರಲ್ಲಿ ವಿನು ನೀರಿಗೆ ಬಿದ್ದ ತನ್ನ ಪ್ಲಾಸ್ಟಿಕ್ ದೋಣಿಗೆ ಕೈ ಹಾಕಿದ. ಅವನು ಕಿರುಚಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು. ಅಮ್ಮ ಅವನ ಕೈಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಬಹಳ ಹೊತ್ತು ಹಿಡಿದಳು. ಅಂಗೈಯಿಂದ ಮಣಿಕಟ್ಟಿನವರೆಗೆ ಕೆಂಪಗಾಗಿ, ಬೊಬ್ಬೆಗಳೇಳತೊಡಗಿದ್ದವು. ಅಪ್ಪ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ.

ನಾನೂ ಆಯಿಯೂ ಮೆಟ್ಟಿಲ ಮೇಲೆ ಕುಳಿತೆವು. ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಆಯಿ ನನ್ನ ತಲೆಯನ್ನು ತನ್ನ ತೊಡೆಗೆ ಒತ್ತಿಕೊಂಡು, "ನೀ ಏನೂ ಹೇಳಬ್ಯಾಡ. ನಾ ಅದೀನಿ" ಎಂದಳು.

ಮಧ್ಯಾಹ್ನ ವಿನು ದಪ್ಪ ಬಿಳಿ ಬ್ಯಾಂಡೇಜಿನೊಂದಿಗೆ ಅಮ್ಮನ ಹೆಗಲ ಮೇಲೆ ನಿದ್ದೆಮಾಡುತ್ತ ಬಂದ. ಅಪ್ಪ ಕೋಟೂ ಬಿಚ್ಚದೆ ಸೀದಾ ಮೇಲೆ ಹೋದ. ಕಪಾಟಿನ ಬಾಗಿಲು ತೆರೆದ ಸದ್ದು ಕೇಳಿಸಿತು.

"ಯಾರು ಇದನ್ನ ತಿರುವಿದವ್ರು?"

"ನಾನಽ ತಿರುವೀನಿ," ಎಂದಳು ಆಯಿ, ಮೆಟ್ಟಿಲ ಬುಡದಲ್ಲಿ ನಿಂತು.

"ನೀನಾ? ಯಾಕವ್ವಾ?"

"ಥಂಡಿ ಆಗ್ತಿತ್ತಪಾ."

ಬೈಯಲು ತಯಾರಾಗಿದ್ದ ಅಪ್ಪ ಮೇಲಿನ ಮೆಟ್ಟಿಲಲ್ಲೇ ಕುಳಿತುಬಿಟ್ಟ. ಹಣೆಗೆ ಕೈ ಹಚ್ಚಿಕೊಂಡ. ಆಮೇಲೆ ಎದ್ದು, ಡಯಲನ್ನು ಹಿಂದಕ್ಕೆ ತಿರುಗಿಸಿ, ಕೆಳಗಿಳಿದು ಹೀಟಿಂಗ್ ಹಾಕಿದ. ಗೋಡೆಯೊಳಗೆ ಪೈಪುಗಳು ಟಣ್ ಟಣ್ ಎಂದವು. ಬೇಸಿಗೆಯಿಡೀ ಕೂತ ಧೂಳು ರೇಡಿಯೇಟರ್ ಮೇಲೆ ಸುಡುವ ವಾಸನೆ ಮನೆ ತುಂಬ ಹರಡಿತು.

ಸಂಜೆ ಅವನು ಒಂದು ಪುಟ್ಟ ಕೀಲಿ ಹಿಡಿದು ರೇಡಿಯೇಟರ್‌ಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡುತ್ತಿದ್ದ. ನಾನು ಬಾಗಿಲಲ್ಲಿ ನಿಂತೆ. ಅವನೊಂದಿಗೆ ಇಂಗ್ಲಿಷೇ ಆಡುತ್ತಿದ್ದ ನನ್ನ ಬಾಯಿಂದ ಅಂದು ಕನ್ನಡವೇ ಬಂತು.

"ಅಪ್ಪಾ, ಆಯಿ ಅಲ್ಲ. ನಾನು."

"ಗೊತ್ತದವಾ," ಎಂದ ಅವನು, ಕೀಲಿಯಿಂದ ಕಣ್ಣೆತ್ತದೆ. "ಆಕಿಗೆ ಕನ್ನಡಕ ಇಲ್ದೇ ಗುಳಗಿ ಡಬ್ಬಿ ಓದಾಕ ಬರಂಗಿಲ್ಲ. ಆ ಡಯಲ್ ಎಲ್ಲೆ ಹುಡುಕ್ತಾಳ?"

ನಾನು ಅಳತೊಡಗಿದೆ. ಅವನು ಕೀಲಿ ಕೆಳಗಿಟ್ಟು ನನ್ನನ್ನು ಹತ್ತಿರ ಎಳೆದುಕೊಂಡ. "ಇನ್ನೊಮ್ಮೆ ಯಾರಿಗೆ ಥಂಡಿ ಆದ್ರೂ ನನಗ ಬಂದು ಹೇಳು. ನಾ ಬೈದ್ರೂ ಹೇಳು."

ವಿನುವಿನ ಕೈ ತಿಂಗಳೊಳಗೆ ವಾಸಿಯಾಯಿತು. ಅವನಿಗೆ ಅದೊಂದೂ ನೆನಪಿಲ್ಲ. ಆಯಿ ಮಾರ್ಚ್‌ನಲ್ಲಿ ಊರಿಗೆ ಮರಳಿದಳು. ಮತ್ತೆ ಲಂಡನ್ನಿಗೆ ಬರಲಿಲ್ಲ.

ದೀಪಾವಳಿಯ ಕಾಯಿದೆಯನ್ನು ಅಪ್ಪ ಮತ್ತೆಂದೂ ಎತ್ತಲಿಲ್ಲ. ಸೆಪ್ಟೆಂಬರ್ ಮುಗಿಯುತ್ತಲೇ ಬೆಳಿಗ್ಗೆ ಚಹಾ ಕುಡಿಯುವಾಗ ಒಬ್ಬೊಬ್ಬರನ್ನೇ ಕೇಳುತ್ತಿದ್ದ, "ಥಂಡಿ ಅದ ಏನು?" ಇಲ್ಲವೆಂದರೂ ಬಿಡದೆ ನಮ್ಮ ಬೆರಳು ಮುಟ್ಟಿ ನೋಡುತ್ತಿದ್ದ. ನಾನು ಮದುವೆಯಾಗಿ ಹ್ಯಾರೋಗೆ ಬಂದ ಮೇಲೂ ಅದನ್ನೇ ಕೇಳಲು ಫೋನ್ ಮಾಡುತ್ತಿದ್ದ. ನಾನು ಆಫೀಸಿನ ಅವಸರದಲ್ಲಿ "ಇಲ್ಲಪ್ಪಾ, ಆಮೇಲೆ ಮಾತಾಡೋಣ" ಎಂದು ಇಟ್ಟುಬಿಡುತ್ತಿದ್ದೆ.

ಅಪ್ಪ ಹೋಗಿ ಮೂರು ಚಳಿಗಾಲ ಕಳೆದವು. ನನ್ನ ಮನೆಯ ಹೀಟಿಂಗ್ ಹೊರಗಿನ ಹವೆ ನೋಡಿಕೊಂಡು ತಾನೇ ಹೊತ್ತುತ್ತದೆ, ತಾನೇ ಆರುತ್ತದೆ. ಮಕ್ಕಳು ಅರ್ಧ ತೋಳಿನ ಅಂಗಿಯಲ್ಲೇ ಓಡಾಡುತ್ತಾರೆ. ಎಲ್ಲ ಕೋಣೆಗಳೂ ಬೆಚ್ಚಗಿವೆ. ನನ್ನ ಬೆರಳು ಹಿಡಿದು ನೋಡುವವರು ಯಾರೂ ಇಲ್ಲ.